ಹಳೆಯ ಕಾರಿನ ಶಾಕಪ್ಪು ಮತ್ತು ಹದಿನೈದು ವರ್ಷದ ಲೆಕ್ಕ

ಕಾರಿನ ಭಾಗಗಳಲ್ಲಿ ಕೆಲವು ಗದ್ದಲ ಮಾಡಿ ಸಾಯುತ್ತವೆ, ಕೆಲವು ಸದ್ದಿಲ್ಲದೆ. ಬ್ಯಾಟರಿ ಕೈಕೊಟ್ಟರೆ ಕಾರು ಹೊರಡುವುದೇ ಇಲ್ಲ; ಬ್ರೇಕಿನ ಪ್ಯಾಡು ಸವೆದರೆ ಕಿರುಚಿ ಹೇಳುತ್ತದೆ; ಟೈರು ಬೋಳಾದರೆ ದಾರಿಹೋಕನ ಕಣ್ಣಿಗೂ ಬೀಳುತ್ತದೆ. ಶಾಕ್ ಅಬ್ಸಾರ್ಬರ್ ಎರಡನೆಯ ಜಾತಿಯದು. ಅದು ದಿನಕ್ಕೊಂದು ಕೂದಲೆಳೆಯಷ್ಟು ಬಲ ಕಳೆದುಕೊಳ್ಳುತ್ತ ಹೋಗುತ್ತದೆ, ಓಡಿಸುವವರ ಕೈಕಾಲು ಅಷ್ಟಷ್ಟಕ್ಕೇ ಒಗ್ಗಿಕೊಳ್ಳುತ್ತ ಹೋಗುತ್ತವೆ. ಹತ್ತು ವರ್ಷ ಒಂದೇ ಕಾರು ಓಡಿಸಿದವರು ‘ನಮ್ಮ ಗಾಡಿ ಮೊದಲಿನ ಹಾಗೆಯೇ ಇದೆ’ ಎಂದು ಆಣೆ ಮಾಡಿ ಹೇಳಬಲ್ಲರು. ಅದೇ ಕಾರಿಗೆ ಹೊಸ ಜೋಡಿ ಹಾಕಿಸಿ ಒಂದು ಸುತ್ತು ಹೋಗಿಬಂದ ಮೇಲೆ ಬೆರಗಾಗುವವರೂ ಅವರೇ.

ಈ ಚಿಕ್ಕ ಕೊಳವೆಯನ್ನು ಮುಂದಿಟ್ಟುಕೊಂಡು ನಾವು ಎತ್ತಬೇಕೆಂದಿರುವ ತಕರಾರು ಸ್ವಲ್ಪ ದೊಡ್ಡದು. ಹಳೆಯ ಕಾರನ್ನು ಹುಟ್ಟಿದ ವರ್ಷದಿಂದ ಅಳೆಯುವ ನಮ್ಮ ದೇಶದ ಪದ್ಧತಿ ಸರಿಯಿಲ್ಲ. ಅದನ್ನು ಸ್ಥಿತಿಯಿಂದ ಅಳೆಯಬೇಕು. ಆ ಸ್ಥಿತಿಗೆ ಶಾಕ್ ಅಬ್ಸಾರ್ಬರಿಗಿಂತ ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲವೆಂಬುದು ನಮ್ಮ ನಂಬಿಕೆ. ಏಕೆಂದರೆ ಅದು ಕ್ಯಾಲೆಂಡರಿನಿಂದ ಸವೆಯುವುದಕ್ಕಿಂತ ಹೆಚ್ಚಾಗಿ ರಸ್ತೆಯಿಂದ ಸವೆಯುತ್ತದೆ.

ತಕರಾರಿಗೆ ನಿಮಿತ್ತವಾದದ್ದು ಘಾಟ್ಕೋಪರಿನ ನಮ್ಮ ಮಿತ್ರರೊಬ್ಬರ ಸ್ಯಾನ್ ಸ್ಟಾರ್ಮ್ ಕಾರು. ಮಿತ್ರರು ಕಾರ್ಕಳದ ಕಡೆಯವರು. ಮೂರು ದಶಕಗಳಿಂದ ಮುಂಬಯಿವಾಸಿ. ಸ್ಟಾರ್ಮ್ ಎಂದರೆ ಇಂದಿನ ಓದುಗರಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ತಿಳಿಯದು. ಎರಡೇ ಆಸನ, ತೆರೆಯಬಹುದಾದ ಮಾಡು, ಫೈಬರಿನ ಮೈ, ರೆನೋ ಕಂಪನಿಯ 1.2 ಲೀಟರಿನ ಪೆಟ್ರೋಲ್ ಎಂಜಿನ್. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯ ಬಳಗದಿಂದ 1998ರ ಸುಮಾರಿಗೆ ಹೊರಟು, ಗೋವಾದಲ್ಲಿ ತಯಾರಾದ ಕಾರು ಇದು. ಸುಮಾರು 60 ಕುದುರೆಯ ಶಕ್ತಿ. ಇಷ್ಟಕ್ಕೆ ಸ್ಪೋರ್ಟ್ಸ್ ಕಾರು ಎಂಬ ಬಿರುದೇ ಎಂದು ಇಂದಿನ ಹುಡುಗರು ನಗಬಹುದು. ಆದರೆ ಹಗುರವಾದ ಮೈ, ನೆಲಕ್ಕೆ ಹತ್ತಿರದ ಆಸನ, ತಿರುವಿನಲ್ಲಿ ಚಕ್ರ ಹೇಳುವುದನ್ನೆಲ್ಲ ಅಂಗೈಗೆ ಮುಟ್ಟಿಸುವ ಸ್ಟಿಯರಿಂಗು, ಇವು ಸೇರಿದರೆ ಸ್ಪೋರ್ಟ್ಸ್ ಕಾರು. ವೇಗದ ಮುಳ್ಳು ಎಲ್ಲಿಗೆ ಮುಟ್ಟುತ್ತದೆ ಎಂಬುದು ಆಮೇಲಿನ ಮಾತು.

ಬೆಂಗಳೂರಿಗೂ ಕಾರು ತಯಾರಿಕೆಯ ಕನಸಿಗೂ ಇರುವ ನಂಟು ಸ್ಟಾರ್ಮಿಗಿಂತ ಬಹಳ ಹಿಂದಿನದು. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಪಟ್ಟುಹಿಡಿದು, ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತಿತು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ 1940ರಲ್ಲಿ ಅದೇ ವಾಲ್‌ಚಂದರ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ದಕ್ಕಿತು. ಕಾರಿನ ಯೋಜನೆ ಮುಂಬಯಿಗೆ ಬಂದು, 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರು ಪಡೆದು ಕುರ್ಲಾದಲ್ಲಿ ನೆಲೆಯೂರಿತು. ಘಾಟ್ಕೋಪರಿನಿಂದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟರೆ ಆ ಕುರ್ಲಾ. ಫಿಯೆಟ್ ಎಂದೂ ಪದ್ಮಿನಿ ಎಂದೂ ನಾವೆಲ್ಲ ಕರೆದ ಕಾರುಗಳು ಅಲ್ಲಿಂದ ಹೊರಬಂದವು. ಉತ್ತರಕ್ಕೆ ಹೊರಟರೆ ಮುಲುಂಡ್; 1961ರಲ್ಲಿ ಹುಟ್ಟಿದ ಗೇಬ್ರಿಯಲ್ ಇಂಡಿಯಾ ಕಂಪನಿ ತನ್ನ ಶಾಕ್ ಅಬ್ಸಾರ್ಬರ್ ಕಾರ್ಖಾನೆ ತೆರೆದದ್ದು ಅಲ್ಲಿ. ಕಾರೂ ಅದರ ಶಾಕ್ ಅಬ್ಸಾರ್ಬರೂ ತಯಾರಾಗುತ್ತಿದ್ದ ಎರಡು ಉಪನಗರಗಳ ನಡುವೆ ವಾಸವಾಗಿದ್ದೂ, ಇಂದು ಒಂದು ಹಳೆಯ ಕಾರಿಗೆ ನಾಲ್ಕು ಶಾಕ್ ಅಬ್ಸಾರ್ಬರ್ ಹುಡುಕಲು ಎರಡು ತಿಂಗಳು ಅಲೆಯಬೇಕಾಯಿತು ಎಂಬುದು ಮಿತ್ರರ ಅಳಲು.

ಹೆಸರಿನ ವಿಷಯ ಒಂದು ಮಾತು, ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಇಂಥ ಚಟ ಬಿಡುವುದಿಲ್ಲ. ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ದಾರಿತಪ್ಪಿಸುವಂಥದು. ಗುಂಡಿಯ ಹೊಡೆತವನ್ನು ಮೊದಲು ತಿನ್ನುವುದು ಟೈರು, ಆಮೇಲೆ ಸ್ಪ್ರಿಂಗು. ತಿಂದದ್ದನ್ನು ಸ್ಪ್ರಿಂಗು ಇಟ್ಟುಕೊಳ್ಳುವುದಿಲ್ಲ, ಮರಳಿ ಕೊಡುತ್ತದೆ. ಉಯ್ಯಾಲೆಯನ್ನು ಒಮ್ಮೆ ತಳ್ಳಿ ಬಿಟ್ಟ ಹಾಗೆ ಕಾರು ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ಹಿಡಿದು ನಿಲ್ಲಿಸುವುದು ಈ ಕೊಳವೆಯ ಕೆಲಸ. ಬ್ರಿಟನ್ನಿನವರು ಇದನ್ನು ಡ್ಯಾಂಪರ್ ಎನ್ನುತ್ತಾರೆ, ಅದು ಹೆಚ್ಚು ಸರಿ. ಮುಂಬಯಿಯ ಗ್ಯಾರೇಜುಗಳಲ್ಲಿ ಇದು ‘ಶಾಕಪ್’. ನಾವೂ ಇನ್ನು ಮುಂದೆ ಹಾಗೆಯೇ ಕರೆಯುತ್ತೇವೆ.

ಶಾಕಪ್ಪಿನ ಒಳಗಿರುವುದು ಎಣ್ಣೆ, ಒಂದು ಪಿಸ್ಟನ್ನು, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ರಂಧ್ರ ಮತ್ತು ಕವಾಟ. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ಕಿರಿದಾದ ದಾರಿಯಲ್ಲಿ ನುಸುಳಲೇಬೇಕು. ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಹೊರಟುಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಬಂದ ಕಾರಿನ ಶಾಕಪ್ಪನ್ನು ಮುಟ್ಟಿ ನೋಡಿದರೆ ಬಿಸಿ ಕೈಗೆ ತಿಳಿಯುತ್ತದೆ. ವರ್ಷಗಳು ಕಳೆದಂತೆ ಸೀಲು ಸವೆದು ಎಣ್ಣೆ ಜಿನುಗುತ್ತದೆ, ಅನಿಲ ತುಂಬಿದ ಜಾತಿಯದಾದರೆ ಅನಿಲ ಸೋರುತ್ತದೆ, ಎಣ್ಣೆ ನೊರೆಗಟ್ಟುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಅಲ್ಲಿಂದ ಮುಂದೆ ಚಕ್ರ ರಸ್ತೆಯನ್ನು ಒತ್ತಿಹಿಡಿಯುವುದರ ಬದಲು ಮುಟ್ಟಿ ಮುಟ್ಟಿ ಹಾರತೊಡಗುತ್ತದೆ. ಹಾರುವ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವಿಲ್ಲ, ಸ್ಟಿಯರಿಂಗು ತಿರುಗಿಸಿಯೂ ಪ್ರಯೋಜನವಿಲ್ಲ. ಮುಂಬಯಿಯ ಜುಲೈ ಮಳೆಯಲ್ಲಿ, ಪೂರ್ವ ದ್ರುತಗತಿ ಹೆದ್ದಾರಿಯ ಒದ್ದೆ ಮೇಲ್ಸೇತುವೆಯ ಮೇಲೆ ಮುಂದಿನ ಟೆಂಪೊ ಥಟ್ಟನೆ ನಿಂತಾಗ ಇದರ ಅರ್ಥವೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಖಾಸನದ ಪ್ರಶ್ನೆಯೆಂದು ಶಾಕಪ್ಪನ್ನು ಮುಂದಿನ ವರ್ಷಕ್ಕೆ ತಳ್ಳುವವರು ಇದನ್ನು ಯೋಚಿಸಬೇಕು. ಅದು ಬ್ರೇಕಿನ ಅರ್ಧಾಂಗಿ.

ಹಗುರವಾದ ಕಾರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಭಾರವಾದ ಕಾರಿನ ಮೈಯ ತೂಕದ ಮುಂದೆ ಚಕ್ರದ ತೂಕ ಅಲ್ಪ; ಸ್ಟಾರ್ಮಿನಂಥ ಕಾರಿನಲ್ಲಿ ಹಾಗಲ್ಲ. ಅಲ್ಲಿ ಚಕ್ರ ಕುಣಿದರೆ ಇಡೀ ಕಾರೇ ಅದರ ತಾಳಕ್ಕೆ ಕುಣಿಯುತ್ತದೆ. ಮಿತ್ರರ ಕಾರಿನಲ್ಲಿ ಕಂಡ ಲಕ್ಷಣಗಳು ಪಾಠದಲ್ಲಿರುವಂಥವೇ. ಬ್ರೇಕು ಒತ್ತಿದಾಗ ಮೂತಿ ನೆಲಕ್ಕಿಳಿಯುವುದು, ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಿಗಿಯುವುದು, ಟೈರಿನ ಮೇಲ್ಮೈ ಒಂದು ಕಡೆ ಸವೆದು ಒಂದು ಕಡೆ ಉಳಿದು ಅಲೆಅಲೆಯಾಗುವುದು, ಕೊಳವೆಯ ಮೈಮೇಲೆ ಎಣ್ಣೆ ಧೂಳು ಸೇರಿ ಕಪ್ಪು ಪಸೆ. ಗ್ಯಾರೇಜಿನ ಮಿಸ್ತ್ರಿ ಕಾರಿನ ಮೂಲೆಯನ್ನು ಎರಡು ಸಲ ಒತ್ತಿ ಬಿಟ್ಟು ‘ಸಾಬ್, ಶಾಕಪ್ ಮರ್ ಗಯಾ’ ಎಂದನಂತೆ. ಈ ಒತ್ತಿ ನೋಡುವ ಪರೀಕ್ಷೆ ಪೂರ್ತಿ ಸತ್ತದ್ದನ್ನು ಮಾತ್ರ ಹಿಡಿಯುತ್ತದೆ. ಅರ್ಧ ಸತ್ತದ್ದು ಹಳೆಯ ಬುಷ್ಷುಗಳ ಬಿಗಿತದ ಮರೆಯಲ್ಲಿ ಪಾಸಾಗಿಬಿಡುತ್ತದೆ. ಒಂದು ಮೂಲೆಯದು ಮಾತ್ರ ಸತ್ತಿದ್ದರೂ ಆ ಅಚ್ಚಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದೆತ್ತು ಎಳೆಯದು, ಇನ್ನೊಂದು ಮುದಿಯಾದರೆ ಗಾಡಿ ನೇರ ಹೋಗುವುದಿಲ್ಲವೆಂದು ನಮ್ಮ ಊರುಗಳ ಗಾಡಿ ಹೊಡೆಯುವವರಿಗೆ ಯಾರೂ ಪಾಠ ಹೇಳಿರಲಿಲ್ಲ.

ಇನ್ನು ಯಾವುದನ್ನು ಹಾಕಬೇಕು ಎಂಬ ಪ್ರಶ್ನೆ. ಕಾರು ತಯಾರಿಸಿದ ಕಂಪನಿ ಬಾಗಿಲು ಮುಚ್ಚಿದ ಮೇಲೆ ‘ಅಸಲಿ ಭಾಗ’ ಎಂಬ ಮಾತಿಗೆ ಅರ್ಥವಿಲ್ಲ. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಳೆಯ ಬಿಡಿಭಾಗಗಳ ಸಾಲು ಅಂಗಡಿಗಳಿಂದ ಹಿಡಿದು ಚೋರ್ ಬಜಾರಿನ ತನಕ ಮುಂಬಯಿಯಲ್ಲಿ ಸಿಗದ ವಸ್ತುವಿಲ್ಲವೆಂಬ ಪ್ರತೀತಿ ಇದೆ. ಪ್ರತೀತಿ ಬಹುಮಟ್ಟಿಗೆ ನಿಜವೇ. ಆದರೆ ಇಂಥ ಮಾರುಕಟ್ಟೆಗಳಲ್ಲಿ ಶಾಕಪ್ಪನ್ನು ಹೊಂದಿಸುವುದು ಉದ್ದ ನೋಡಿ, ಕಣ್ಣು ನೋಡಿ: ಮಡಿಚಿದಾಗ ಎಷ್ಟು, ಚಾಚಿದಾಗ ಎಷ್ಟು, ಬೋಲ್ಟಿನ ತೂತು ಕೂಡುತ್ತದೆಯೇ. ಒಳಗಿನ ಕವಾಟ ಯಾವ ತೂಕದ ಕಾರಿಗೆ ಹೊಂದಿಸಿದ್ದು ಎಂದು ಕೇಳುವವರು ಕಡಿಮೆ. ಭಾರದ ಕಾರಿನ ಶಾಕಪ್ಪು ಹಗುರ ಕಾರಿಗೆ ಬಿದ್ದರೆ ಆ ಕಾರು ಓಡುವ ಬದಲು ಕುಟ್ಟುತ್ತದೆ. ಹಳೆಯದನ್ನೇ ಒರೆಸಿ ಕಪ್ಪು ಬಣ್ಣ ಹೊಡೆದು ಹೊಸದೆಂದು ಕೊಡುವ ಕಲೆಯ ಬಗ್ಗೆ ಬೇರೆಯೇ ಬರೆಯಬಹುದು.

ಮಿತ್ರರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಅವನ ಸಲಹೆ ಬೇರೆ: ವಿದೇಶದಿಂದ ಗಟ್ಟಿಯಾದ, ಎತ್ತರ ತಗ್ಗಿಸಬಹುದಾದ ಜೋಡಿ ತರಿಸೋಣ, ರೇಸಿನ ಕಾರಿನ ಹಾಗಿರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಮಾಲೀಕರಲ್ಲಿ ಈ ಮೋಹ ವ್ಯಾಪಕವಾಗಿದೆ, ಮತ್ತು ಇದನ್ನು ನಾವು ಒಪ್ಪುವುದಿಲ್ಲ. ನುಣ್ಣನೆಯ ರೇಸ್ ಟ್ರ್ಯಾಕಿನಲ್ಲಿ ಗಟ್ಟಿ ಶಾಕಪ್ಪು ಗುಣವೇ ಸರಿ. ಅಸಲ್ಫಾದ ಕೆಳಗೆ, ಮೆಟ್ರೊ ಕಂಬಗಳ ನಡುವೆ, ಮುಳುಗಿದ ಮ್ಯಾನ್‌ಹೋಲ್ ಮುಚ್ಚಳ, ಎದ್ದ ಪೇವರ್ ಬ್ಲಾಕು, ಕಾಂಕ್ರೀಟು ಹಲಗೆಗಳ ಸಂದು ಇವುಗಳ ಮೇಲೆ ಹೋಗುವ ಕಾರಿಗೆ ಅದು ಶಿಕ್ಷೆ. ಸಣ್ಣ ಏರಿಳಿತವನ್ನು ಹಿಂಬಾಲಿಸಲಾಗದ ಚಕ್ರವೂ ನೆಲ ಬಿಡುತ್ತದೆ. ಸತ್ತ ಶಾಕಪ್ಪಿನಿಂದ ಆಗುವ ಕೇಡೇ ಅತಿ ಬಿಗಿಯಾದದ್ದರಿಂದಲೂ ಆಗುತ್ತದೆ. ಜೊತೆಗೆ ಆ ಹೊಡೆತ ಕಾರಿನ ಮೈಗೆ ಸಾಗುತ್ತದೆ. ಇಪ್ಪತ್ತೈದು ವರ್ಷದ ಫೈಬರ್ ಮೈ, ಅದರ ಜೋಡಣೆಯ ಬೋಲ್ಟುಗಳ ಸುತ್ತ ಬಿರುಕು ಬಿಟ್ಟರೆ ಬೆಸುಗೆ ಹಾಕಲು ಅದು ತಗಡಲ್ಲ. ಹಳೆಯ ಕಾರನ್ನು ಹೊಸತರಂತೆ ಮಾಡುವುದಕ್ಕೂ ಅದನ್ನು ಅದರಂತೆಯೇ ಉಳಿಸುವುದಕ್ಕೂ ಇರುವ ಅಂತರ ಈ ಆಯ್ಕೆಯಲ್ಲಿ ಗೊತ್ತಾಗುತ್ತದೆ. ಹಳೆಯ ಮನೆಗೆ ಸುಣ್ಣ ಬಳಿಯುವ ಬದಲು ಗಾಜಿನ ಮುಖ ಹಚ್ಚುವವರನ್ನು ನಾವು ಊರಿನಲ್ಲೂ ಕಂಡಿದ್ದೇವೆ.

ಮಿತ್ರರು ಕೊನೆಗೆ ಹಿಡಿದದ್ದು ಮೂರನೆಯ ದಾರಿ. ಉಪನಗರದ ಒಂದು ಚಿಕ್ಕ ಶೆಡ್ಡಿನಲ್ಲಿ, ಶಾಕಪ್ ಬಿಚ್ಚಿ ಕಟ್ಟುವುದೊಂದನ್ನೇ ಕಸುಬು ಮಾಡಿಕೊಂಡ ಹಿರಿಯರೊಬ್ಬರು ಸಿಕ್ಕರು. ಹಿಂದಿನ ಎರಡನ್ನು ಕೊಯ್ದು, ಒಳಭಾಗ ತೊಳೆದು, ಸವೆದ ರಾಡಿಗೆ ಹೊಸ ಕ್ರೋಮ್ ಹೊಳಪು ಕೊಡಿಸಿ, ಹೊಸ ಸೀಲು ಹೊಸ ಎಣ್ಣೆ ಹಾಕಿ ಮುಚ್ಚಳಕ್ಕೆ ಮರೆಯಿಟ್ಟು ಕೊಟ್ಟರು. ಮುಂದಿನ ಎರಡಕ್ಕೆ ತೂಕ ಹೊಂದುವ ಹೊಸ ಜೋಡಿಯೇ ದೊರೆಯಿತು. ‘ನೋಡಿ ಮಾರಾಯ್ರೇ, ಕಾರಿನ ಬೆಲೆಗಿಂತ ಇದರ ತಲಾಶಿಗೇ ಹೆಚ್ಚು ಹೋಯ್ತು’ ಎಂದು ಮಿತ್ರರು ನಕ್ಕದ್ದುಂಟು.

ಜೋಡಿಸುವಾಗಿನ ಒಂದೆರಡು ವಿವರ ಇಲ್ಲಿ ಹೇಳಲೇಬೇಕು, ಏಕೆಂದರೆ ಕೆಲಸ ಕೆಡುವುದು ಸಾಮಾನ್ಯವಾಗಿ ಅಲ್ಲೇ. ಇಂದಿನ ಬಹುಪಾಲು ಚಿಕ್ಕ ಕಾರುಗಳ ಮುಂಭಾಗದಲ್ಲಿ ಶಾಕಪ್ಪೂ ಸ್ಪ್ರಿಂಗೂ ಒಂದೇ ಕಂಬವಾಗಿ ನಿಂತಿರುತ್ತವೆ. ಅದುಮಿಟ್ಟ ಸ್ಪ್ರಿಂಗು ಕೈತಪ್ಪಿದರೆ ಪ್ರಾಣ ತೆಗೆಯಬಲ್ಲದು. ಸರಿಯಾದ ಕಂಪ್ರೆಸರ್ ಇಲ್ಲದೆ ತಂತಿ ಸುತ್ತಿ ಬಿಚ್ಚುವ ಸಾಹಸ ನಮ್ಮ ಬೀದಿ ಗ್ಯಾರೇಜುಗಳಲ್ಲಿ ಇಂದಿಗೂ ನಡೆಯುತ್ತದೆ. ಹೊಸ ಶಾಕಪ್ಪನ್ನು ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕಾರು ಸಲ ಒತ್ತಿ ಎಳೆದು ಒಳಗಿನ ಗಾಳಿ ಮೇಲೇರುವಂತೆ ಮಾಡಬೇಕು. ಮೇಲಿನ ರಬ್ಬರು, ಧೂಳುಗವಸು, ತಡೆಗುಬ್ಬಿ ಇವುಗಳನ್ನು ಹಳೆಯವೇ ಇರಲಿ ಎಂದು ಉಳಿಸುವುದು ಜಾಣತನವಲ್ಲ. ಎಲ್ಲಕ್ಕಿಂತ ಮುಖ್ಯ, ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕಾರು ಜಾಕಿನ ಮೇಲೆ ತೂಗಾಡುತ್ತಿರುವಾಗ ಬಿಗಿಯಬಾರದು. ಚಕ್ರ ನೆಲಕ್ಕಿಳಿದು ಕಾರು ತನ್ನ ತೂಕದಲ್ಲಿ ಕುಳಿತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ಚಕ್ರಗಳ ಅಲೈನ್‌ಮೆಂಟ್. ಇದಿಷ್ಟೂ ಮಿಸ್ತ್ರಿಗೆ ಗೊತ್ತಿರುತ್ತದೆ. ಪಕ್ಕದಲ್ಲಿ ನಿಂತ ಮಾಲೀಕನಿಗೂ ಗೊತ್ತಿದೆ ಎಂದು ಅವನಿಗೆ ಗೊತ್ತಾದರೆ ಕೆಲಸ ಚೆನ್ನಾಗಿ ಆಗುತ್ತದೆ.

ಈಗ ಕಾನೂನಿಗೆ ಬರೋಣ. ಮೋಟಾರು ವಾಹನ ಕಾಯಿದೆ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಇನ್ನೊಂದು ತುದಿಯಲ್ಲಿ, 2021ರ ನಿಯಮದಂತೆ 50 ವರ್ಷ ಮೀರಿ ಮೂಲರೂಪದಲ್ಲಿರುವ ಕಾರು ‘ವಿಂಟೇಜ್’. ಅದಕ್ಕೆ ಬೇರೆಯೇ ಸಂಖ್ಯಾಫಲಕ, ಬೇರೆಯೇ ಗೌರವ. ಇವೆರಡರ ನಡುವಿನ ಮೂವತ್ತು ವರ್ಷ ಕಾರು ಎಲ್ಲಿರಬೇಕು? 21ನೆಯ ವರ್ಷದಲ್ಲಿ ದಂಡ ತೆರುವ ಮುದುಕ, 51ನೆಯ ವರ್ಷದಲ್ಲಿ ಪರಂಪರೆಯ ರತ್ನ! ಸ್ಟಾರ್ಮ್ ಸೇರಿದಂತೆ ಉದಾರೀಕರಣದ ಕಾಲದಲ್ಲಿ ಹುಟ್ಟಿದ ನಮ್ಮ ಕೆಲವೇ ದೇಶೀ ಸ್ಪೋರ್ಟ್ಸ್ ಕಾರುಗಳು ಈ ನಡುಗಾಲದಲ್ಲಿವೆ. ಅಲಿಬಾಗಿನ ಬಳಿ ತಯಾರಾದ ಚಿಂಕಾರ ರೋಡ್‌ಸ್ಟರ್‌ಗಳದ್ದೂ ಅದೇ ಕತೆ. ಇವು ವಿಂಟೇಜ್ ಆಗುವ ಹೊತ್ತಿಗೆ ಎಷ್ಟು ಉಳಿದಿರುತ್ತವೆ?

ಕ್ಯಾಲೆಂಡರಿನ ಲೆಕ್ಕವನ್ನು ನಾವು ಮುಂಬಯಿಯವರು ಹತ್ತಿರದಿಂದ ನೋಡಿದ್ದೇವೆ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಕಾಳಿ-ಪೀಲಿಯ ಆ ಅಧ್ಯಾಯ ಮುಗಿಯಿತು. ಸರ್ಕಾರಿ ವಾಹನಗಳ ನೋಂದಣಿಯೂ 2023ರ ಏಪ್ರಿಲ್ 1ರಿಂದ 15 ವರ್ಷಕ್ಕೆ ತಾನಾಗಿ ರದ್ದಾಗುತ್ತದೆ. ಮುತುವರ್ಜಿಯ ಚಾಲಕನೊಬ್ಬ ಮಗುವಿನಂತೆ ಸಾಕಿದ ಜೀಪೂ, ಯಾರೂ ದಿಕ್ಕಿಲ್ಲದೆ ತುಕ್ಕು ಹಿಡಿದ ಜೀಪೂ ಒಂದೇ ದಿನ ಗುಜರಿಗೆ. ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅರುವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ ಹಾಕಿ ಕಳಿಸುವಾಗ ಯಾರೂ ನಮ್ಮ ಶಾಕಪ್ ಒತ್ತಿ ನೋಡುವುದಿಲ್ಲ.

ಹೊಗೆಯ ಮಾತು ಬಂದೇ ಬರುತ್ತದೆ. ಹಳೆಯ ಎಂಜಿನು ಹೊಸದಕ್ಕಿಂತ ಹೆಚ್ಚು ಕೊಳೆ ಉಗುಳುತ್ತದೆ ಎಂಬುದು ನಿಜ, ಅದನ್ನು ಅಲ್ಲಗಳೆಯುವುದು ಮೊಂಡುತನ. ಆದರೆ ಹೊಗೆಯನ್ನು ಅಳೆಯಬಹುದು, ಅಳೆಯಲೆಂದೇ ಪಿ.ಯು.ಸಿ. ಇದೆ. ಅದನ್ನು ಕಟ್ಟುನಿಟ್ಟು ಮಾಡಿ, ಮಿತಿ ಮೀರಿದ್ದನ್ನು ರಸ್ತೆಯಿಂದ ಇಳಿಸಿ, ಯಾರೂ ಬೇಡವೆನ್ನುವುದಿಲ್ಲ. ಭಾನುವಾರ ಬೆಳಗ್ಗೆ ಮಾತ್ರ ಹೊರಡುವ, ತಿಂಗಳಿಗೆ ನೂರು ಕಿ.ಮೀ. ಓಡದ ಕಾರು ಒಂದು ಕಡೆ. ಮೂರೇ ವರ್ಷದಲ್ಲಿ ಒಂದೂವರೆ ಲಕ್ಷ ಕಿ.ಮೀ. ಮುಂಬಯಿಯ ಗುಂಡಿಗಳನ್ನು ಕಂಡು ಶಾಕಪ್ಪು ಸತ್ತ ಬಾಡಿಗೆ ಕಾರು ಇನ್ನೊಂದು ಕಡೆ. ಮಳೆಯಲ್ಲಿ ರಸ್ತೆ ದಾಟುವ ಮುದುಕಿಗೆ ಇವೆರಡರಲ್ಲಿ ಹೆಚ್ಚು ಅಪಾಯ ಯಾವುದರಿಂದ ಎಂದು ನೋಂದಣಿಯ ವರ್ಷ ಹೇಳಲಾರದು.

ಬೇರೆಡೆ ಇದು ಹೊಸ ವಿಚಾರವೇನೂ ಅಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಬಹುಪಾಲು ಕಾರುಗಳು ವರ್ಷಕ್ಕೊಮ್ಮೆ ಎಂ.ಒ.ಟಿ. ಪರೀಕ್ಷೆಗೆ ನಿಲ್ಲಬೇಕು, ಅಲ್ಲಿ ತೀವ್ರವಾಗಿ ಎಣ್ಣೆ ಸೋರುವ, ಕೆಲಸ ಮಾಡದ ಶಾಕಪ್ಪಿದ್ದರೆ ಕಾರು ಫೇಲು. ಯುರೋಪಿನ ಪರೀಕ್ಷಾ ಕೇಂದ್ರಗಳಲ್ಲಿ ಚಕ್ರವನ್ನು ಅದುರುವ ಹಲಗೆಯ ಮೇಲೆ ನಿಲ್ಲಿಸಿ, ಅದು ಹಲಗೆಯನ್ನು ಎಷ್ಟು ಬಿಗಿಯಾಗಿ ಒತ್ತಿಹಿಡಿಯುತ್ತದೆ ಎಂದು ಶೇಕಡಾವಾರು ಅಳೆಯುವ ಯಂತ್ರಗಳಿವೆ. ಒಂದು ಅಚ್ಚಿಗೆ ಕೆಲವೇ ನಿಮಿಷದ ಕೆಲಸ. ನಮ್ಮಲ್ಲಿ ಹದಿನೈದು ವರ್ಷದವರೆಗೆ ಖಾಸಗಿ ಕಾರನ್ನು ಹೊಗೆಯ ಹೊರತು ಯಾರೂ ಕೇಳುವುದಿಲ್ಲ. ಹದಿನೈದಾದ ಮೇಲೆ ಕೇಳುವುದು ಹೆಚ್ಚಾಗಿ ಶುಲ್ಕವನ್ನು.

ರಸ್ತೆಯ ಪಾಲನ್ನೂ ಇಲ್ಲಿ ಎತ್ತದಿದ್ದರೆ ಮಾತು ಅರ್ಧವಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ವೇಗತಡೆಯ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಕಾರು ಮೆಲ್ಲನೆ ಏರಿ ಇಳಿಯಬೇಕು. ನಮ್ಮ ಸೊಸೈಟಿಗಳ ಗೇಟಿನೆದುರು ಇರುವವು ಉಬ್ಬುಗಳಲ್ಲ, ಗೋಡೆಗಳು. ನಗರದ ಸುಮಾರು 700 ಕಿ.ಮೀ. ರಸ್ತೆಗೆ ಕಾಂಕ್ರೀಟು ಹಾಕುವ ಮಹಾನಗರಪಾಲಿಕೆಯ ಕೆಲಸ ಸಾಗುತ್ತಿದೆ. ಅತ್ತ 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟು, ರಸ್ತೆಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಶಾಕಪ್ಪು ಸವೆಸುವ ರಸ್ತೆಯ ಹೊಣೆ ಒಬ್ಬರದು, ಸವೆದದ್ದನ್ನು ಬದಲಿಸುವ ಹೊಣೆ ಇನ್ನೊಬ್ಬರದು. ಶುಲ್ಕ ಮಾತ್ರ ಎರಡನೆಯವರಿಗೆ ಬೀಳುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ನವೀಕರಣಕ್ಕೆ ಬಂದ ಕಾರಿನ ನಾಲ್ಕು ಮೂಲೆಗಳನ್ನೂ ಯಂತ್ರದ ಮೇಲೆ ಅಳೆಯಲಿ. ಐದು ವರ್ಷ ದಾಟಿದ ಎಲ್ಲ ಕಾರುಗಳನ್ನೂ, ಮೊದಲಿಗೆ ಬಾಡಿಗೆಯವನ್ನು, ಎರಡು ವರ್ಷಕ್ಕೊಮ್ಮೆ ಹಾಗೆಯೇ ಅಳೆಯಲಿ. ಪಾಸಾದ ಕಾರಿಗೆ, ಅದು ಇಪ್ಪತ್ತೈದರದ್ದಾಗಲಿ ಮೂವತ್ತೈದರದ್ದಾಗಲಿ, ಹೊಸ ಕಾರಿನಷ್ಟೇ ಶುಲ್ಕ ಇರಲಿ. ಅಳತೆಗೆ ಬೇಕಾದ ಯಂತ್ರ ಕೊಳ್ಳಲು ಹಣವೆಲ್ಲಿದೆ ಎಂದು ಇಲಾಖೆ ಕೇಳಿದರೆ, ಇಪ್ಪತ್ತು ದಾಟಿದ ಕಾರುಗಳಿಂದ ಈಗಾಗಲೇ ತಲಾ 10,000 ರೂಪಾಯಿ ಪಡೆಯಲಾಗುತ್ತಿದೆ.